ಕುಸಿಯುವ ನೆಲದ ರಸ್ತೆ: ಗ್ರಾವೆಲ್ಲೋ, ಡಾಂಬರೋ, ಕಾಂಕ್ರೀಟೋ?

ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ನೆಲದಡಿಯ ಟೊಳ್ಳು ಎಲ್ಲಿಗೂ ಹೋಗಿಲ್ಲ. ಅಂಥ ಕಡೆ ರಸ್ತೆ ತಗ್ಗಾದರೆ, ಶಾಶ್ವತ ಕಾಮಗಾರಿ ಬರುವವರೆಗೆ ಏನು ಹಾಕಿಸುವುದು?

ಕಾಂಕ್ರೀಟ್ ಎಂದರೆ ಎಲ್ಲರಿಗೂ ಪ್ರೀತಿ, ಉದ್ಘಾಟನೆಗೆ ಬರುವವರಿಗಂತೂ ಇನ್ನೂ ಹೆಚ್ಚು. ಆದರೆ ಅಡಿಯ ಮಣ್ಣು ಜಾರಿದರೂ ಅದು ಸೇತುವೆಯಂತೆ ನಿಂತೇ ಇರುತ್ತದೆ; ಮೇಲೆ ಒಂದು ಗೆರೆಯೂ ಕಾಣದಿರಬಹುದು. ತುಂಬಿದ ಲಾರಿ ಹತ್ತಿದ ದಿನ ಒಮ್ಮೆಲೇ ಮುರಿಯುತ್ತದೆ. ಗ್ರಾವೆಲ್ ಹಾಗಲ್ಲ. ನೆಲ ಇಳಿದಷ್ಟೂ ತಾನೂ ಇಳಿಯುತ್ತದೆ, ತಗ್ಗು ಕಣ್ಣಿಗೆ ಬೀಳುತ್ತದೆ, ಮತ್ತೆ ತುಂಬಿ ರೋಲರ್ ಓಡಿಸಿದರಾಯಿತು. ಬೇಸಿಗೆಯ ದೂಳು, ಮಳೆಗಾಲದ ಕೆಸರು ಮಾತ್ರ ಸಹಿಸಿಕೊಳ್ಳಬೇಕು.

ತೆಳು ಡಾಂಬರು ನಡುವಿನ ದಾರಿ. ತಗ್ಗಿನ ಸುತ್ತ ಕಮಾನಿನ ಆಕಾರದ ಬಿರುಕು ಮೂಡಿ ದಿನೇ ದಿನೇ ಅಗಲವಾಗುತ್ತಿದ್ದರೆ ನೆಲ ಇನ್ನೂ ಇಳಿಯುತ್ತಿದೆ. ಆ ಬಿರುಕನ್ನು ಮುಚ್ಚದಿದ್ದರೆ ನೀರು ಇಳಿದು ಮಣ್ಣನ್ನು ಕೊಚ್ಚುತ್ತದೆ. ಗಲ್ಲಿಗಳಿಗಾದರೆ ಇಂಟರ್‌ಲಾಕ್ ಇಟ್ಟಿಗೆಯೂ ಸರಿಯೇ. ಕಿತ್ತು, ತಳ ಸಮ ಮಾಡಿ, ಅವನ್ನೇ ಮತ್ತೆ ಜೋಡಿಸಬಹುದು.

ನನ್ನ ಆಯ್ಕೆ: ಇಳಿತ ನಿಲ್ಲುವವರೆಗೆ ಗ್ರಾವೆಲ್, ನಿಂತ ಮೇಲೆ ಡಾಂಬರು. ಯಾವುದೇ ಹಾಕಿಸಿದರೂ ಮೊದಲು ಚರಂಡಿ ನೀರನ್ನು ಬೇರೆಡೆಗೆ ತಿರುಗಿಸಿ. ತಗ್ಗು ರಾತ್ರಿ ಕಳೆಯುವುದರೊಳಗೆ ಗುಂಡಿಯಾದರೆ ತುಂಬಲು ಹೋಗಬೇಡಿ. ಸಂಚಾರ ನಿಲ್ಲಿಸಿ ಭೂವಿಜ್ಞಾನಿಗಳನ್ನು ಕರೆಸಿ.