ಎಂಐಟಿಯ 7.016: ಮನೆಯಲ್ಲೇ ಕೂತು ಕಲಿತ ಬಯಾಲಜಿ

ಪಿಯುಸಿಯಲ್ಲಿ ಪಿಸಿಎಂಸಿ ತಗೊಂಡ ನನಗೆ ಬಯಾಲಜಿ ಹತ್ತನೇ ಕ್ಲಾಸಿಗೇ ಮುಗಿದ ಕಥೆ. ಈಗ ಅಮೆರಿಕದ ಎಂಐಟಿ ತನ್ನ ಕ್ಲಾಸಿನ ಪಾಠಗಳನ್ನು ಎಲ್ಲರಿಗೂ ನೋಡಲು ಹಾಕುವ ಓಪನ್‌ಕೋರ್ಸ್‌ವೇರ್ ತಾಣದ 2018ರ ‘ಇಂಟ್ರೊಡಕ್ಟರಿ ಬಯಾಲಜಿ’ (ಕೋರ್ಸ್ ನಂಬರ್ 7.016) ಪೂರ್ತಿ ನೋಡಿದೆ. 35 ಪಾಠ, ಒಂದು ಪೈಸೆ ಖರ್ಚಿಲ್ಲ.

ಪಾಠ ಮಾಡುವವರು ಬಾರ್ಬರಾ ಇಂಪೀರಿಯಾಲಿ ಮತ್ತು ಆಡಂ ಮಾರ್ಟಿನ್. ಹೂವಿನ ಚಿತ್ರ ಬರೆದು ಭಾಗ ಗುರುತಿಸುವ ಕೆಲಸವೆಲ್ಲ ಇಲ್ಲ, ಸೀದಾ ಕೆಮಿಸ್ಟ್ರಿ: ಅಣುಗಳನ್ನು ಜೋಡಿಸುವ ಬಾಂಡ್, ಕೊಬ್ಬಿನ ಜಾತಿಯ ಲಿಪಿಡ್, ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ ಅಮೈನೋ ಆಸಿಡ್. ನಿಜ ಹೇಳಬೇಕಂದ್ರೆ ಎರಡು ಸಲ ಅರ್ಧಕ್ಕೇ ಬಿಟ್ಟಿದ್ದೆ. ಆದರೆ ಆ ಕೆಮಿಸ್ಟ್ರಿಯ ಬೆಲೆ ಆಮೇಲೆ ಗೊತ್ತಾಗುತ್ತದೆ. ಸಿಕಲ್ ಸೆಲ್ ಕಾಯಿಲೆಯನ್ನೇ ತಗೊಳ್ಳಿ, ನಮ್ಮ ಸೋಲಿಗರಲ್ಲೂ ಕಾಣಿಸುತ್ತದಲ್ವಾ? ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್ ಹಿಮೋಗ್ಲೋಬಿನ್ನಿನ ಬೀಟಾ ಅನ್ನೋ ಅಮೈನೋ ಆಸಿಡ್ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಸಿಡ್ ಬದಲು ವ್ಯಾಲೀನ್ ಅನ್ನೋ ಇನ್ನೊಂದು ಅಮೈನೋ ಆಸಿಡ್ ಬಂದು ಕೂರುತ್ತದೆ. ಮೊದಲನೆಯದಕ್ಕೆ ನೀರಂದ್ರೆ ಇಷ್ಟ, ವ್ಯಾಲೀನ್‌ಗೆ ಆಗಿಬರಲ್ಲ. ಹಾಗಾಗಿ ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಹಿಮೋಗ್ಲೋಬಿನ್‌ಗಳು ಒಂದಕ್ಕೊಂದು ಅಂಟಿಕೊಂಡು ಉದ್ದ ನಾರಿನ ಹಾಗಾಗಿ, ದುಂಡಗಿದ್ದ ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. ಶಾಲೆಯಲ್ಲಿ ಇದನ್ನು ‘ಆನುವಂಶಿಕ ಕಾಯಿಲೆ’ ಅಂತ ಒಂದು ಸಾಲಿನಲ್ಲಿ ಬಾಯಿಪಾಠ ಮಾಡಿಸಿದ್ದರು, ಅಷ್ಟೇ.

ಜೆನೆಟಿಕ್ಸ್ ಭಾಗ ಲೆಕ್ಕ ಇಷ್ಟಪಡುವವರಿಗೆ ಹಬ್ಬ. ಗಿಡಮರ, ಪರಿಸರ ಬೇಕಂದವರಿಗೆ ಮಾತ್ರ ಇಲ್ಲಿ ಜಾಸ್ತಿ ಏನೂ ಸಿಗಲ್ಲ, ಎಲ್ಲಾ ಜೀವಕೋಶದ ಒಳಗಿನ ವ್ಯವಹಾರ. ನೀಟ್‌ಗೆ ಓದುವ ಮಕ್ಕಳು ಇದನ್ನೇ ನಂಬಿ ಕೂರಬೇಡಿ, ಸಿಲಬಸ್ ಬೇರೆ.

ಸುಮ್ನೆ ಊಟ ಮಾಡ್ತಾ ನೋಡುವ ವಿಡಿಯೋ ಅಲ್ಲ ಇದು. ನಾನು 200 ಪುಟದ ನೋಟ್‌ಬುಕ್ ಒಂದನ್ನು ಖಾಲಿ ಮಾಡಿದೆ, ಡಿಎನ್‌ಎ ನಕಲಾಗುವ ಪಾಠವನ್ನಂತೂ ಮೂರು ಸಲ ನೋಡಿದೆ.