ಇ-ಸಂಜೀವಿನಿ: ಡಾಕ್ಟರು ಪರದೆಯಲ್ಲಿ, ಕೈಗುಣ ಸಬ್‌ಸೆಂಟರಿನಲ್ಲಿ

ಇಂಡಿ, ಸಿಂದಗಿ ಕಡೆಯಿಂದ ಬಿಪಿ ಗುಳಿಗೆ ಬರೆಸಿಕೊಳ್ಳಲು ವಿಜಯಪುರದ ದೊಡ್ಡ ದವಾಖಾನೆಗೆ ಹೊರಟರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಬಸ್ಸಿಗೆ ಕಾಯಬೇಕು. ಚೀಟಿಗೆ ಪಾಳಿ, ಒಪಿಡಿಗೆ ಪಾಳಿ, ಔಷಧದ ಕಿಟಕಿಗೆ ಮತ್ತೊಂದು ಪಾಳಿ. ಡಾಕ್ಟರ ಮುಂದೆ ಕೂರುವುದು ಮಾತ್ರ ಐದೇ ನಿಮಿಷ. ಆ ಐದು ನಿಮಿಷವನ್ನು ಊರಿಗೇ ತಂದುಕೊಡುತ್ತೇವೆ ಎನ್ನುವುದು ಕೇಂದ್ರ ಆರೋಗ್ಯ ಇಲಾಖೆಯ ಇ-ಸಂಜೀವಿನಿ, ಅಂದರೆ ವಿಡಿಯೊ ಕರೆಯಲ್ಲಿ ಡಾಕ್ಟರನ್ನು ಕಾಣುವ ಸೇವೆ. ಶುಲ್ಕ ಒಂದು ರೂಪಾಯಿಯೂ ಇಲ್ಲ. ಆದರೆ ಅದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎನ್ನುವುದು ನೀವು ಯಾವ ಬಾಗಿಲಿನಿಂದ ಒಳಗೆ ಹೋದಿರಿ ಎಂಬುದರ ಮೇಲಿದೆ.

ಬಾಗಿಲು ಎರಡು. ಮೊಹಾಲಿಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಕಟ್ಟಿದ ಈ ವ್ಯವಸ್ಥೆಯ ಮೊದಲ ರೂಪ 2019ರ ನವೆಂಬರಿನಲ್ಲಿ ಬಂತು. ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ, ಅಂದರೆ ಸಬ್‌ಸೆಂಟರಿನಲ್ಲಿ ಕೂತ ಸಮುದಾಯ ಆರೋಗ್ಯಾಧಿಕಾರಿ, ಅಂದರೆ ಸಿಎಚ್‌ಒ, ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ಡಾಕ್ಟರಿಗೆ ವಿಡಿಯೊ ಕರೆ ಮಾಡುವುದು ಅದರ ಕ್ರಮ. ಎರಡನೆಯದು ಲಾಕ್‌ಡೌನ್ ಕಾಲದ್ದು. 2020ರ ಏಪ್ರಿಲ್ 13ರಂದು ಶುರುವಾದ ಒಪಿಡಿ ರೂಪದಲ್ಲಿ ರೋಗಿ ತನ್ನ ಮೊಬೈಲಿನಿಂದ ನೇರವಾಗಿ ಡಾಕ್ಟರನ್ನು ಕಾಣಬಹುದು. ಜಾಹೀರಾತಿನಲ್ಲಿ ಹೊಳೆಯುವುದು ಈ ಎರಡನೆಯದು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಈ ನಮ್ಮ ಮೂರು ಜಿಲ್ಲೆಗಳಿಗೆ ನಿಜವಾಗಿ ಒದಗುವುದು ಮೊದಲನೆಯದು.

ಮನೆಯಿಂದ ಬಳಸುವ ದಾರಿ ಕಾಗದದ ಮೇಲೆ ಸುಲಭ. ಆ್ಯಪ್ ಹಾಕಿಕೊಂಡು ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತದೆ. ರೋಗಿಯ ಹೆಸರು, ವಯಸ್ಸು ತುಂಬಿ, ತೊಂದರೆ ಏನೆಂದು ಆರಿಸಿ, ಹಳೆಯ ರಿಪೋರ್ಟಿನ ಫೋಟೊ ಏರಿಸಿ, ಪಾಳಿಗೆ ಕಾಯಬೇಕು. ಮುಗಿದ ಮೇಲೆ ಡಾಕ್ಟರ ಚೀಟಿ ಪಿಡಿಎಫ್ ಆಗಿ ಫೋನಿಗೆ ಇಳಿಯುತ್ತದೆ. ಎಡವುವುದು ಒಟಿಪಿಯಲ್ಲೇ. ಅವ್ವನ ಹೆಸರಿಗೆ ಹಿಂದೆ ಕೊಟ್ಟ ನಂಬರ್ ಪುಣೆಯಲ್ಲೋ ಬೆಂಗಳೂರಿನಲ್ಲೋ ದುಡಿಯುವ ಮಗನದ್ದು. ಅವನು ಶಿಫ್ಟಿನಲ್ಲಿದ್ದರೆ ಫೋನ್ ಎತ್ತುವುದಿಲ್ಲ, ಎತ್ತುವಷ್ಟರಲ್ಲಿ ಒಟಿಪಿಯ ವೇಳೆ ಮುಗಿದಿರುತ್ತದೆ. ಮನೆಯಲ್ಲಿ ಸದಾ ಇರುವ ಫೋನಿನ ನಂಬರಿನಿಂದಲೇ ನೋಂದಾಯಿಸಿ, ಮನೆಮಂದಿಗೆಲ್ಲ ಬೇರೆ ಬೇರೆ ವಿವರ ತುಂಬಿ. ಮಗನ ಹೆಸರಿನಲ್ಲೇ ಅವ್ವನ ಕಾಯಿಲೆ ಹೇಳಿದರೆ ಚೀಟಿಯ ಮೇಲೆ ಮೂವತ್ತು ವರ್ಷದ ಗಂಡಸಿನ ಹೆಸರು ಬೀಳುತ್ತದೆ. ಮೆಡಿಕಲ್ ಅಂಗಡಿಯವರು ಅದನ್ನು ಒಪ್ಪದಿದ್ದರೆ ತಪ್ಪು ಅವರದಲ್ಲ.

ಸಬ್‌ಸೆಂಟರಿನ ದಾರಿಯಲ್ಲಿ ಈ ರಗಳೆ ಇಲ್ಲ. ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು ಬದಲಾದ ಈ ಕೇಂದ್ರದಲ್ಲಿ ನೋಂದಣಿ ಸಿಎಚ್‌ಒ ಕೈಯಲ್ಲೇ ಆಗುತ್ತದೆ. ಬಿಪಿ, ಸಕ್ಕರೆ, ತೂಕ, ಜ್ವರ ನೋಡಿ ಅಂಕಿಗಳನ್ನು ಅವರೇ ತುಂಬುತ್ತಾರೆ. ಆ ಕಡೆಯ ಡಾಕ್ಟರಿಗೆ ಬೇಕಾದದ್ದು ಇದೇ. ಮನೆಯಿಂದ ಕರೆ ಮಾಡಿದವರಿಗೆ ಅವರು ಕೇಳುವ ಮೊದಲ ಪ್ರಶ್ನೆ “ಬಿಪಿ ಎಷ್ಟಿದೆ?” ಎಂದು. “ಗೊತ್ತಿಲ್ರಿ” ಎಂದರೆ ಅವರ ಕೈ ಕಟ್ಟಿದ ಹಾಗೆ. ಬಿಪಿಯ ಅಮ್ಲೋಡಿಪಿನ್, ಸಕ್ಕರೆಯ ಮೆಟ್‌ಫಾರ್ಮಿನ್‌ನಂಥ ಗುಳಿಗೆ ಸ್ಟಾಕಿನಲ್ಲಿದ್ದರೆ ಅಲ್ಲೇ ಕೈಗೆ ಸಿಗುತ್ತದೆ. ಹೋಗುವ ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ: ಇವತ್ತು ಸಿಎಚ್‌ಒ ಇದ್ದಾರೋ, ಮೀಟಿಂಗಿಗೆ ಹೋಗಿದ್ದಾರೋ?

ಮನೆಯಿಂದಲೇ ಮಾತಾಡುತ್ತೇವೆ ಎನ್ನುವವರು ಅಂಕಿಗಳ ಬಗ್ಗೆ ಎಚ್ಚರದಿಂದಿರಬೇಕು. ತಪ್ಪು ಅಂಕಿ ಹೇಳುವುದಕ್ಕಿಂತ ಗೊತ್ತಿಲ್ಲ ಎನ್ನುವುದೇ ಮೇಲು. ಬಿಪಿ ಮಷಿನ್ ಕಟ್ಟುವ ಅರ್ಧ ತಾಸು ಮೊದಲು ಚಹಾ, ತಂಬಾಕು, ಬೀಡಿ ಬೇಡ. ಮೂತ್ರ ಮಾಡಿ ಬಂದು ಐದು ನಿಮಿಷ ಸುಮ್ಮನೆ ಕೂರಬೇಕು, ಅದೂ ಬೆನ್ನಿಗೆ ಆಸರೆ ಇರುವ ಕುರ್ಚಿಯ ಮೇಲೆ, ಪಾದ ಊರಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಕೈ ಜೋತುಬಿಟ್ಟು ನೋಡಿದರೆ ಅಂಕಿ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ. ತೋಳಿಗೆ ಸುತ್ತುವ ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಕೈಯನ್ನು ಮೇಜಿನ ಮೇಲಿಡಿ. ಕುಪ್ಪಸ, ಅಂಗಿಯ ತೋಳಿನ ಮೇಲೆ ಕಟ್ಟಬೇಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಹೆಚ್ಚೇ ತೋರಿಸುತ್ತದೆ, ಅಗ್ಗದ ಮಷಿನ್‌ಗಳ ಜೊತೆ ಒಂದೇ ಅಳತೆಯ ಪಟ್ಟಿ ಬರುವುದರಿಂದ ಇದನ್ನು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಒಂದೆರಡು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಹೊತ್ತಿನ ಸಮೇತ ಬರೆದಿಡಿ.

ಸಕ್ಕರೆ ಮಷಿನ್‌ಗೆ ನಮ್ಮ ಸೀಮೆಯದ್ದೇ ಒಂದು ಕಾಟವಿದೆ. ಕಬ್ಬು ಕಡಿದು ಬಂದವರು, ಮಹಾಲಿಂಗಪುರದ ಕಡೆ ಬೆಲ್ಲದ ಗಾಣದಲ್ಲಿ ದುಡಿಯುವವರು ಕೈ ತೊಳೆಯದೆ ಬೆರಳು ಚುಚ್ಚಿದರೆ ಮಷಿನ್ ಅಳೆಯುವುದು ಬೆರಳಿಗೆ ಅಂಟಿದ ಸಿಹಿಯನ್ನೂ ಸೇರಿಸಿ. ಸಾಬೂನು ಹಚ್ಚಿ ತೊಳೆದು, ಪೂರ್ತಿ ಒರೆಸಿ, ಆಮೇಲೆ ಚುಚ್ಚಿ. ಕೈ ಒದ್ದೆ ಇದ್ದರೆ ರಕ್ತ ತೆಳುವಾಗಿ ಲೆಕ್ಕ ತಪ್ಪುತ್ತದೆ. ಇನ್ನೊಂದು ನಮ್ಮ ಬಿಸಿಲು. ಸ್ಟ್ರಿಪ್ ಡಬ್ಬಿಯ ಮೇಲೆ ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಇಡಿ ಎಂದು ಬರೆದಿರುತ್ತದೆ, ವಿಜಯಪುರದ ಏಪ್ರಿಲ್ 40 ದಾಟುತ್ತದೆ. ತಗಡಿನ ಮಾಡಿನ ಕೆಳಗೆ, ಬೈಕಿನ ಡಿಕ್ಕಿಯಲ್ಲಿ ಇಟ್ಟ ಸ್ಟ್ರಿಪ್ ನಂಬಬೇಡಿ. ಊಟದ ನಂತರದ ಸಕ್ಕರೆಗೆ ಎರಡು ತಾಸು ಎಣಿಸುವುದು ಮೊದಲ ತುತ್ತಿನಿಂದ, ಕೈ ತೊಳೆದ ಹೊತ್ತಿನಿಂದಲ್ಲ.

ಚರ್ಮದ ತೊಂದರೆಗೆ ಈ ಸೇವೆ ಚೆನ್ನಾಗಿ ಹೊಂದುತ್ತದೆ, ಫೋಟೊ ನೆಟ್ಟಗಿದ್ದರೆ. ಫ್ಲ್ಯಾಶ್ ಬೇಡ, ಬೆಳಗಿನ ಬೆಳಕು ಸಾಕು. ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆಯಿರಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಗಾತ್ರ ತಿಳಿಯುತ್ತದೆ. ಮೊದಲೇ ಹಚ್ಚಿದ ಮುಲಾಮಿನ ಟ್ಯೂಬ್ ತೋರಿಸುವುದನ್ನು ಮರೆಯಬೇಡಿ. ಸ್ಟಿರಾಯ್ಡ್ ಇರುವ ಮುಲಾಮು ಹಚ್ಚಿದ ಗಜಕರ್ಣದ ಚಹರೆಯೇ ಬದಲಾಗಿರುತ್ತದೆ.

ವಿಡಿಯೊ ಎಂಬುದು ಬರೀ ಅನುಕೂಲದ ಮಾತಲ್ಲ, ಔಷಧದ ಮಾತು. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಔಷಧಗಳನ್ನು ಪಟ್ಟಿಗಳಾಗಿ ಒಡೆದಿದೆ. ಪ್ಯಾರಾಸಿಟಮಾಲ್, ಒಆರ್‌ಎಸ್‌ನಂಥವನ್ನು ಬರೀ ಧ್ವನಿ ಕರೆಯಲ್ಲೂ ಹೇಳಬಹುದು. ಅದಕ್ಕಿಂತ ಮೇಲಿನ ‘ಎ’ ಪಟ್ಟಿಯ ಔಷಧವನ್ನು ಮೊದಲ ಸಲ ಬರೆಯಲು ವಿಡಿಯೊ ಬೇಕೇ ಬೇಕು. ‘ಬಿ’ ಪಟ್ಟಿಯದ್ದು, ಮೊದಲು ಎದುರಿಗೆ ಕಂಡ ರೋಗಿಗೆ ಅದೇ ಕಾಯಿಲೆಗೆ ಇನ್ನೊಂದು ಗುಳಿಗೆ ಸೇರಿಸಬೇಕಾದಾಗ. ಆಲ್ಪ್ರಜೋಲಮ್‌ನಂಥ ನಿದ್ದೆ ಗುಳಿಗೆ, ಟ್ರಾಮಡಾಲ್‌ನಂಥ ನೋವಿನ ಗುಳಿಗೆ ಫೋನಿನಲ್ಲಾಗಲಿ ವಿಡಿಯೊದಲ್ಲಾಗಲಿ ಬರೆಯುವಂತಿಲ್ಲ. ಹಾಗಾಗಿ ಖಾನಾಪುರದ ಕಾಡಂಚಿನಲ್ಲಿ ಸಿಗ್ನಲ್ ಒಂದು ಗೆರೆಗೆ ಇಳಿದು ಚಿತ್ರ ನಿಂತುಹೋದರೆ, ‘ಡಾಕ್ಟರು ಬರೀ ಜ್ವರದ ಗುಳಿಗೆ ಬರೆದು ಕಳಿಸಿದರು’ ಎಂದು ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಅವರಿಗೆ ಅಷ್ಟಕ್ಕೇ ಅನುಮತಿ.

ಭಾಷೆಯ ತೊಡಕನ್ನು ಯಾವ ಆ್ಯಪೂ ಬಗೆಹರಿಸಿಲ್ಲ. “ಚಕ್ಕರ ಬರತಾವ್ರಿ, ಜೀವ ಕಸಿವಿಸಿ ಆಗತೈತಿ” ಎಂದರೆ ಹಳೆ ಮೈಸೂರಿನ ಡಾಕ್ಟರು ಒಂದು ಗಳಿಗೆ ತಡವರಿಸುವುದು ಸಹಜ. ಅದು ನೆಲ ತಿರುಗಿದಂತಾಗುವ ತಲೆಸುತ್ತೋ, ಎದ್ದು ನಿಂತಾಗ ಕಣ್ಣುಕತ್ತಲೆಯೋ? ಕಾರಣವೂ ಬೇರೆ, ಔಷಧವೂ ಬೇರೆ. ನಿಪ್ಪಾಣಿ ಕಡೆಯ ಮರಾಠಿ ಮನೆಗಳಿಗೆ ತ್ರಾಸ ಇನ್ನೂ ಹೆಚ್ಚು. ನಡುವೆ ಕೂತು ತಿದ್ದಿ ಹೇಳಲು ಸಿಎಚ್‌ಒ ಇದ್ದರೆ ಅರ್ಧ ಕೆಲಸ ಮುಗಿದಂತೆ. ಆದರೆ ಅದೇ ಕೋಣೆಯಲ್ಲಿ ಬಿಳಿ ಸೆರಗಿನ ವಿಷಯ ಹೇಳಬೇಕಾದ ಹೆಣ್ಣುಮಗಳ ಬೆನ್ನಹಿಂದೆ ಇನ್ನೂ ನಾಲ್ಕು ಮಂದಿ ನಿಂತಿದ್ದರೆ ಅವಳು ಹೊಟ್ಟೆನೋವು ಎಂದಷ್ಟೇ ಹೇಳಿ ಎದ್ದುಹೋಗುತ್ತಾಳೆ. ಬಾಗಿಲು ಹಾಕಿ, ಇಯರ್‌ಫೋನ್ ಕೊಡಿ. ಖರ್ಚು ನೂರು ರೂಪಾಯಿ.

ನಮ್ಮ ಜನ ಡಾಕ್ಟರನ್ನು ಅಳೆಯುವುದು ಕೈಗುಣದಿಂದ. “ಮೈ ಮುಟ್ಟಲಿಲ್ಲ, ಸೂಜಿ ಮಾಡಲಿಲ್ಲ, ಎಂಥಾ ಡಾಕ್ಟರ್ರಿ ಇವರು” ಎಂಬ ದೂರು ಈ ಸೇವೆಗೆ ತಪ್ಪಿದ್ದಲ್ಲ. ಸೂಜಿಯ ಮೋಹ ಬಿಟ್ಟರೆ ಒಳ್ಳೆಯದೇ. ಮುಟ್ಟುವುದರ ಮಾತು ಹಾಗಲ್ಲ: ಹೊಟ್ಟೆ ಒತ್ತಿ ನೋಡದೆ ಹೊಟ್ಟೆನೋವು, ಎದೆಗೆ ಸ್ಟೆತಾಸ್ಕೋಪ್ ಇಡದೆ ಮಗುವಿನ ದಮ್ಮು ತೀರ್ಮಾನಿಸಲು ಬರುವುದಿಲ್ಲ. ಇನ್ನೊಂದು ಕೊರತೆ, ಸಾಮಾನ್ಯ ಒಪಿಡಿಯಲ್ಲಿ ಮುಂದಿನ ಸಲ ಅದೇ ಡಾಕ್ಟರು ಸಿಗುತ್ತಾರೆಂಬ ಖಾತ್ರಿಯಿಲ್ಲ. ಊರ ಕ್ಲಿನಿಕ್ಕಿನ ಡಾಕ್ಟರ ವಾಟ್ಸ್ಆ್ಯಪಿಗೆ ರಾತ್ರಿ ಹನ್ನೊಂದಕ್ಕೆ ರಿಪೋರ್ಟ್ ಕಳಿಸಿ “ನೋಡ್ರಿ ಸಾಹೇಬ್ರ” ಎನ್ನುವವರಿಗೆ ಆ ಪರಿಚಯ ಸಿಗುತ್ತದೆ, ದಾಖಲೆ ಸಿಗುವುದಿಲ್ಲ. ಮಾರ್ಗಸೂಚಿಯ ಪ್ರಕಾರ ಅದೂ ಸಮಾಲೋಚನೆಯೇ. ಡಾಕ್ಟರು ಶುಲ್ಕ ಕೇಳಬಹುದು, ಔಷಧ ಹೇಳಿದರೆ ನೋಂದಣಿ ಸಂಖ್ಯೆಯಿರುವ, ಸಹಿ ಮಾಡಿದ ಚೀಟಿಯನ್ನೇ ಕಳಿಸಬೇಕು. ಬರೀ ಗುಳಿಗೆಯ ಹೆಸರು ಟೈಪ್ ಮಾಡಿದ್ದು ಚೀಟಿಯಲ್ಲ.

ಎದೆ ಹಿಂಡಿದ ನೋವು, ಬಾಯಿ ಸೊಟ್ಟಗಾಗಿ ಮಾತು ತೊದಲುವುದು, ಹಾವು ಕಡಿತ, ಬಸುರಿಗೆ ರಕ್ತಸ್ರಾವ ಆದಾಗ ಆ್ಯಪ್ ತೆರೆಯಬೇಡಿ, 108ಕ್ಕೆ ಕರೆ ಮಾಡಿ. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ 14416 ಇದೆ, ಅದಕ್ಕೆ ಸ್ಮಾರ್ಟ್‌ಫೋನೂ ಬೇಡ.

ನಮ್ಮ ಅಂಕ: ಸಬ್‌ಸೆಂಟರಿನ ಮೂಲಕ ಬಿಪಿ, ಸಕ್ಕರೆಯ ಮರುತಪಾಸಣೆಗೆ ಐದಕ್ಕೆ ನಾಲ್ಕು. ಮನೆಯಿಂದ, ಮಷಿನ್ ಇಲ್ಲದೆ, ಹೊಸ ಕಾಯಿಲೆಗೆ ಎರಡು.

ಚೀಟಿ ಬಂದ ಮೇಲೆ ಒಂದು ಕೆಲಸ ಉಳಿಯುತ್ತದೆ. ಇ-ಸಂಜೀವಿನಿಯ ಚೀಟಿಯಲ್ಲಿ ‘ಟೆಲ್ಮಿಸಾರ್ಟನ್ 40’ ಎಂದು ಬಿಪಿ ಔಷಧದ ಮೂಲ ಹೆಸರು ಇದ್ದು, ಮನೆಯ ಡಬ್ಬಿಯಲ್ಲಿ ಅದೇ ಔಷಧ ಬೇರೆ ಕಂಪನಿಯ ಹೆಸರಿನಲ್ಲಿ ಕೂತಿದ್ದರೆ, ಹಳೆಯದೂ ಹೊಸದೂ ಎರಡನ್ನೂ ನುಂಗುವವರಿದ್ದಾರೆ. ವಾರದೊಳಗೆ ಎದ್ದು ನಿಂತರೆ ಕಣ್ಣುಕತ್ತಲೆ. ಗುಳಿಗೆ ತರಲು ಹೋಗುವಾಗ ಪಿಡಿಎಫ್ ಜೊತೆ ಹಳೆಯ ಗುಳಿಗೆಯ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ಒಯ್ದು, ಯಾವುದನ್ನು ಬಿಡಬೇಕೆಂದು ಅಲ್ಲೇ ಕೇಳಿ, ಬಿಡಬೇಕಾದ್ದರ ಮೇಲೆ ಪೆನ್ನಿನಿಂದ ಗೀಟು ಹಾಕಿಸಿಕೊಂಡು ಬನ್ನಿ.