ಟೈನಿಎಸ್‌ಎ ಅಲ್ಟ್ರಾ: ಎಸ್‌ಎಸ್‌ಬಿ ಪರೀಕ್ಷೆಗೆ ಸಾಕೇ?

ಟೈನಿಎಸ್‌ಎ ಅಂದರೆ ಸಂಕೇತದಲ್ಲಿರುವ ಆವರ್ತನಗಳನ್ನು ಬಿಡಿಸಿ ತೋರಿಸುವ ಚಿಕ್ಕ ಸ್ಪೆಕ್ಟ್ರಮ್ ಅನಲೈಸರ್. ಹ್ಯಾಮ್ ರೇಡಿಯೊದ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್, ಧ್ವನಿ ಕಳಿಸುವ ಒಂದು ವಿಧಾನ) ಪ್ರಸಾರ ಶುದ್ಧವಾಗಿದೆಯೇ ಎಂದು ನೋಡಲು ಅದು ಸಾಕು, ಆದರೆ ಅಲ್ಟ್ರಾ ಮಾದರಿಯೇ ಬೇಕು. ಮೂಲ ಟೈನಿಎಸ್‌ಎಯ ಕನಿಷ್ಠ ಆರ್‌ಬಿಡಬ್ಲ್ಯೂ (ಎಷ್ಟು ಹತ್ತಿರದ ಆವರ್ತನಗಳನ್ನು ಬೇರ್ಪಡಿಸಿ ತೋರಿಸಬಲ್ಲದು ಎಂಬ ಅಳತೆ) ಸುಮಾರು 3 ಕಿಲೋಹರ್ಟ್ಸ್. ರೇಡಿಯೊದ ಮೈಕ್‌ಗೆ 700 ಮತ್ತು 1900 ಹರ್ಟ್ಸ್ ಜೋಡಿ ಸ್ವರ ಕೊಟ್ಟರೆ ಒಂದೇ ಗುಡ್ಡ ಕಾಣುತ್ತದೆ. ಅಲ್ಟ್ರಾದ 200 ಹರ್ಟ್ಸ್‌ನಲ್ಲಿ ಎರಡೂ ಬೇರೆಯಾಗಿ ನಿಲ್ಲುತ್ತವೆ. ಅವುಗಳ ಆಚೀಚೆ 1200 ಹರ್ಟ್ಸ್ ದೂರದಲ್ಲಿ ಮೂರನೇ ದರ್ಜೆಯ ವಿರೂಪವೂ (ಎರಡು ಸ್ವರ ಬೆರೆತು ಹುಟ್ಟುವ ಬೇಡದ ಸಂಕೇತ) ಕಾಣುತ್ತದೆ.

ರೇಡಿಯೊ ಹೊರಹಾಕುವ 100 ವಾಟ್ ಅಂದರೆ +50 ಡಿಬಿಎಂ (1 ಮಿಲಿವಾಟ್‌ಗೆ ಹೋಲಿಸಿದ ಶಕ್ತಿಯ ಅಳತೆ). ನೇರ ಕೊಟ್ಟರೆ ಉಪಕರಣದ ಕಥೆ ಮುಗಿಯಿತು! 100 ವಾಟ್ ತಾಳುವ 40 ಡಿಬಿ ಅಟೆನ್ಯುಯೇಟರ್ (ಸಂಕೇತ ತಗ್ಗಿಸುವ ಸಾಧನ) ರೇಡಿಯೊ ಕಡೆಗೆ, ಅದರ ನಂತರ ಟೈನಿಎಸ್‌ಎ ಕಡೆಗೆ 30 ಡಿಬಿಯ ಚಿಕ್ಕದು ಹಾಕಿ.

ವಿರೂಪ ರೇಡಿಯೊದ್ದೋ ಉಪಕರಣದ್ದೋ? ಟೈನಿಎಸ್‌ಎಯ ಆಟೋ ಅಟೆನ್ಯುಯೇಷನ್ ಆಫ್ ಮಾಡಿ, ಹೊರಗೆ ಇನ್ನೂ 10 ಡಿಬಿ ಸೇರಿಸಿ. ವಿರೂಪವೂ 10 ಇಳಿದರೆ ರೇಡಿಯೊದ್ದು. 30ರಷ್ಟು ಇಳಿದರೆ ಉಪಕರಣದ್ದೇ. ರೇಡಿಯೊದ್ದಾದರೆ ಮೊದಲು ಮೈಕ್ ಗೇನ್ ತಗ್ಗಿಸಿ, ಆಮೇಲೆ ಬಯಾಸ್ (ಆಂಪ್ಲಿಫೈಯರ್ ಟ್ರಾನ್ಸಿಸ್ಟರ್‌ಗಳ ನೆಲೆ ಕರೆಂಟ್) ಸರಿಯಿದೆಯೇ, 13.8 ವೋಲ್ಟ್ ಸಪ್ಲೈ ಕುಸಿಯುತ್ತಿದೆಯೇ ನೋಡಿ. ಟೈನಿಎಸ್‌ಎಯ ಮೆನು ಮಾತ್ರ ತಾಳ್ಮೆ ಬೇಡುತ್ತದೆ.